ಮಾರ್ಚ್‌ನಲ್ಲಿ ರಾತ್ರಿ ಹತ್ತರ ತನಕ ದುಡಿದೆ, ಏನೂ ಆಗಲಿಲ್ಲ. ಈಗ ಕೆಲಸ ಕಮ್ಮಿ, ಬಿಪಿ ಜಾಸ್ತಿ. ಯಾವ ಟೆನ್ಷನ್ ಬಿಡಲಿ?

ತುಂಗೆ_ದಂಡೆ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದ್ತಿದ್ದೆ ಅಷ್ಟೇ, ಬರೀತಿರೋದು ಇದೇ ಮೊದಲು. ಉದ್ದ ಆದ್ರೆ ಬೈಕೋಬೇಡಿ.

ನನಗೆ 43. ಶಿವಮೊಗ್ಗ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡ್ಕೊಳ್ತೀನಿ. ಮಾರ್ಚ್ ಎಂಡಿಂಗ್ ಅಂದ್ರೆ ನಮ್ಮಲ್ಲಿ ಜಾತ್ರೆ ಇದ್ದ ಹಾಗೆ. ಈ ಸಲ 20ನೇ ತಾರೀಖಿಂದ 31ರ ತನಕ ದಿನಾ ರಾತ್ರಿ ಹತ್ತು. ವಸೂಲಿ, ಬಡ್ಡಿ ಲೆಕ್ಕ, ಕೊನೇ ದಿನ ಎಂಟು ರೂಪಾಯಿ ವ್ಯತ್ಯಾಸ ಹುಡುಕೋಕೆ ಮೂರು ಜನ ನಾಲ್ಕು ಗಂಟೆ ಕೂತ್ವಿ. ರಾತ್ರಿ ಊಟಕ್ಕೆ ಪಕ್ಕದ ಹೋಟೆಲಿನ ತಣ್ಣಗಾದ ಚಿತ್ರಾನ್ನ. ಆದ್ರೂ ಮನೆಗೆ ಬಂದು ದಿಂಬಿಗೆ ತಲೆ ಕೊಟ್ರೆ ಬೆಳಗಾಗೋ ತನಕ ನಿದ್ದೆ. ಲೆಕ್ಕ ತಾಳೆ ಆದಾಗ ಜವಾನನೂ ಸೇರಿ ಎಲ್ಲರೂ ಚಪ್ಪಾಳೆ ಹೊಡೆದ್ವಿ.

ಈಗ ಜುಲೈ. ಐದೂವರೆಗೆ ಮನೆ ಸೇರ್ತೀನಿ. ಆದ್ರೆ ರಾತ್ರಿ ಮೂರಕ್ಕೆ ಎಚ್ಚರ ಆಗಿ ಫ್ಯಾನ್ ನೋಡ್ತಾ ಬಿದ್ದಿರ್ತೀನಿ. ನಿದ್ದೆಲಿ ಹಲ್ಲು ಕಡೀತೀನಂತೆ, ಮಗಳು ಹೇಳಿದ್ಲು. ಬಾಚಣಿಗೆ ತುಂಬಾ ಕೂದಲು. ಹೋದ ವಾರ ಡಾಕ್ಟರು ಬಿಪಿ ನೋಡಿ 148/96 ಇದೆ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅಂದ್ರು. ಚೀಟಿ ಬರೆದು ಮುಂದಿನವರನ್ನ ಕರೆದ್ರು.

ಟೆನ್ಷನ್ ಇದ್ದಾಗ ಚೆನ್ನಾಗಿದ್ದೆ. ಈಗ ಯಾವುದನ್ನ ಕಮ್ಮಿ ಮಾಡ್ಲಿ, ನೀವೇ ಹೇಳಿ.

ಹುಬ್ಬಳ್ಳಿ_ಗಿರ್ಮಿಟ್ · 9:52

ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮಗ ಟೆನ್ಷನ್ ಇಲ್ಲದ್ದಕ್ಕ ಟೆನ್ಷನ್ ಆಗೇತಿ. ಮತ್ತ ಮಾರ್ಚ್ ಮಾಡ್ರಿ, ಇಳೀತೈತಿ.

ಓಆರ್‌ಆರ್_ಕೈದಿ · 10:05

ಗಿರ್ಮಿಟ್ ಅಣ್ಣ ತಮಾಷೆಗೆ ಹೇಳಿದ್ರೂ ವಿಷಯ ಇದೆ. ನಮ್ಮ ಆಫೀಸಲ್ಲಿ ಹೋದ ವರ್ಷ ಟ್ರೈನಿಂಗ್ ಕೊಟ್ಟಿದ್ರು. ಒತ್ತಡದಲ್ಲಿ ಎರಡು ಜಾತಿ: ಯೂಸ್ಟ್ರೆಸ್ ಒಳ್ಳೇದು, ಡಿಸ್ಟ್ರೆಸ್ ಕೆಟ್ಟದ್ದು. ಬೋರ್ಡ್ ಮೇಲೆ ಗುಡ್ಡದ ಥರ ಒಂದು ಗೆರೆ ಎಳೆದ್ರು. ಒತ್ತಡ ಇಲ್ಲದಿದ್ರೆ ಎಡಗಡೆ ತಪ್ಪಲಲ್ಲಿ ತೂಕಡಿಸ್ತೀರಿ, ವಿಪರೀತ ಆದ್ರೆ ಬಲಗಡೆಗೆ ಉರುಳ್ತೀರಿ, ಹದವಾಗಿದ್ರೆ ನೆತ್ತಿ ಮೇಲೆ. ಯರ್ಕ್ಸ್-ಡಾಡ್ಸನ್ ನಿಯಮ ಅಂತೆ. ಮೇಡಂ ಮಾರ್ಚ್‌ನಲ್ಲಿ ನೆತ್ತಿ ಮೇಲಿದ್ರು ಅನ್ಸುತ್ತೆ.

ಪುರಾವೆ_ಎಲ್ಲಿ · 10:31

ಮತ್ತೆ ಬಂತು ಆ ಗುಡ್ಡ! ಕೈದಿ ಅವರೇ, ಅದು 1908ರ ಪ್ರಯೋಗ. ಮಾಡಿದ್ದು ಇಲಿಗಳ ಮೇಲೆ, ಅದೂ ಗಿರಗಿರ ಸುತ್ತುತ್ತಾ ‘ಕುಣಿಯೋ’ ಒಂದು ತಳಿ. ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ. ಕಪ್ಪಿಗೆ ಹೋದ್ರೆ ಕರೆಂಟ್ ಶಾಕ್. ಎರಡರ ವ್ಯತ್ಯಾಸ ಸಲೀಸಾಗಿ ಕಾಣೋ ಹಾಗಿದ್ದಾಗ ಶಾಕ್ ಜೋರಾದಷ್ಟೂ ಬೇಗ ಕಲಿತವು. ಬೆಳಕು ಕಮ್ಮಿ ಮಾಡಿ ಗುರುತಿಸೋದು ಕಷ್ಟ ಮಾಡಿದಾಗ ಮಾತ್ರ ನಡುಮಟ್ಟದ ಶಾಕ್ ಕೆಲಸ ಮಾಡ್ತು. ಇಷ್ಟೇ ವಿಷಯ. ಅಪ್ರೈಸಲ್, ಡೆಡ್‌ಲೈನ್, ಟೀಮ್ ಲೀಡ್ ಯಾವುದೂ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಮ್ಯಾನೇಜರುಗಳಿಗೆ ಆ ಗೆರೆ ಮೇಲೆ ಯಾಕಿಷ್ಟು ಪ್ರೀತಿ ಅಂದ್ರೆ, “ಇನ್ನೊಂಚೂರು ಶಾಕ್ ಕೊಟ್ರೆ ನೆತ್ತಿ ಮುಟ್ತಾನೆ” ಅಂತ ಹೇಳ್ಕೋಬಹುದು.

ಓಆರ್‌ಆರ್_ಕೈದಿ · 10:34

ಟ್ರೈನರ್ ಇಲಿ ವಿಷಯ ಎತ್ತಲೇ ಇಲ್ಲ. ಯಾಕೆ ಅಂತ ಈಗ ಗೊತ್ತಾಯ್ತು.

ಹುಬ್ಬಳ್ಳಿ_ಗಿರ್ಮಿಟ್ · 10:35

ಎತ್ತಿದ್ರ ನೀವೆಲ್ಲಾ ಕುಣೀತಿದ್ರಿ.

ಮಾಂಟ್ರಿಯಲ್_ಮುದ್ದೆ · 11:20

ಆ ಎರಡು ಜಾತಿಯ ಹೆಸರು ಬಂದಿದ್ದು ನಾನಿರೋ ಊರಿಂದ, ಅದಕ್ಕೆ ಸುಮ್ಮನಿರೋಕೆ ಆಗ್ತಿಲ್ಲ. ಹಾನ್ಸ್ ಸೆಲ್ಯೆ ಅಂತ ಒಬ್ಬ ವಿಜ್ಞಾನಿ. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಇಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ರು. ಹೊಸ ಹಾರ್ಮೋನ್ ಹುಡುಕ್ತಾ ಇಲಿಗಳಿಗೆ ಏನೇನೋ ಸೂಜಿ ಚುಚ್ಚುತ್ತಿದ್ರು. ಏನು ಚುಚ್ಚಿದ್ರೂ ಒಂದೇ ಫಲಿತಾಂಶ: ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿ ಊದಿಕೊಂಡಿದೆ, ಎದೆಯಲ್ಲಿರೋ ಥೈಮಸ್ ಗ್ರಂಥಿ ಕುಗ್ಗಿದೆ, ಹೊಟ್ಟೆಯಲ್ಲಿ ಹುಣ್ಣು. ಚಳಿಗೆ ಒಡ್ಡಿದ್ರೂ ಅದೇ, ಸುಸ್ತು ಮಾಡಿಸಿದ್ರೂ ಅದೇ. ಹೊಡೆತ ಯಾವುದೇ ಇರಲಿ, ದೇಹ ಕೊಡೋ ಉತ್ತರ ಒಂದೇ ಅಂತ 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಕಳಿಸಿದ್ರು. ಮೊದಲು ಗಾಬರಿ, ಆಮೇಲೆ ತಡೆದು ನಿಲ್ಲೋದು, ಕೊನೆಗೆ ಸೋತು ಕೂರೋದು. ಒಳ್ಳೇದು-ಕೆಟ್ಟದ್ದು ಅನ್ನೋ ವಿಂಗಡಣೆ ಬಂದಿದ್ದು 1970ರ ದಶಕದಲ್ಲಿ, ಎಷ್ಟೋ ವರ್ಷ ಆದಮೇಲೆ.

ಪುರಾವೆ_ಎಲ್ಲಿ · 11:28

ಅದೇ ಸೆಲ್ಯೆ ಸಿಗರೇಟ್ ಕಂಪನಿಗಳ ದುಡ್ಡು ತಗೊಂಡಿದ್ರು ಅನ್ನೋದನ್ನೂ ಸೇರಿಸಿ. “ಹೃದ್ರೋಗಕ್ಕೆ ಒತ್ತಡವೇ ಕಾರಣ” ಅನ್ನೋ ಮಾತು ಆ ಕಂಪನಿಗಳಿಗೆ ಬಹಳ ಅನುಕೂಲ ಆಗಿತ್ತು.

ಮಾಂಟ್ರಿಯಲ್_ಮುದ್ದೆ · 11:31

ನಿಜ. ಅದನ್ನ ಬರೆಯದೆ ಬಿಟ್ಟಿದ್ದು ಊರಭಿಮಾನಕ್ಕೆ.

ಸೀಮೆಸುಣ್ಣ · ಭಾನುವಾರ ಬೆಳಗ್ಗೆ 6:10

ನಿವೃತ್ತ ಕನ್ನಡ ಮೇಷ್ಟ್ರು ನಾನು, ಬೆಳಗ್ಗೆ ಬೇಗ ಏಳೋ ಕಾಯಿಲೆ ಇದೆ. ಒಂದು ಆಕ್ಷೇಪ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಮಾತಿದೆ ನೋಡಿ. ಮದುವೆ ಮನೆಯಲ್ಲಿ ಇರೋದು ಸಡಗರ. ಬಸ್ಸು ಬರೋ ಮುಂಚೆ ಇರೋದು ತವಕ. ಫಲಿತಾಂಶದ ಹಿಂದಿನ ರಾತ್ರಿ ಇರೋದು ಕಳವಳ. ಕತ್ತಲಲ್ಲಿ ಸದ್ದಾದರೆ ದಿಗಿಲು. ವರ್ಷಗಟ್ಟಲೆ ಒಳಗೇ ಕುದಿಯೋದು ಕೊರಗು. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ “ಟೆನ್ಷನ್” ಅಂತ ಬಾಯಿ ಕಟ್ಟಿದ್ದೇವೆ. ಆಮೇಲೆ ಇದರಲ್ಲಿ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಕೈ ಹಾಕಿ ತಡಕಾಡ್ತೀವಿ. ಈ ತಾಯಿಗೆ ಮಾರ್ಚ್‌ನಲ್ಲಿ ಇದ್ದದ್ದು ಸಡಗರ. ಈಗ ಇರೋದು ಕೊರಗು.

ಬಿಸಿಬೇಳೆ_ಅತ್ತಿಗೆ · 6:48

ಮೇಷ್ಟ್ರೆ, ಮದುವೆ ಮನೆ ಸಡಗರ ಅಂದ್ರಲ್ಲ, ನೀವು ಅಡುಗೆಮನೆ ಕಡೆ ಹೋಗಿದ್ರಾ?

ಸೀಮೆಸುಣ್ಣ · 6:55

ಇಲ್ಲಮ್ಮ. ಒಪ್ಪಿದೆ.

ಚೌಕಿಯ_ಮೂಲೆ · 8:15

ನಾನು ಯಕ್ಷಗಾನ ಮೇಳದಲ್ಲಿ ಹದಿನೈದು ವರ್ಷ ತಿರುಗಾಟ ಮಾಡಿದವ. ಇವತ್ತಿಗೂ ಪ್ರವೇಶಕ್ಕೆ ಮುಂಚೆ ನನ್ನ ಕೈ ತಣ್ಣಗಾಗ್ತದೆ, ಬಾಯಿ ಒಣಗ್ತದೆ. ಕಿರೀಟ ಕಟ್ಟಿಯಾದ ಮೇಲೆ ಮೂತ್ರಕ್ಕೆ ಹೋಗ್ಬೇಕು ಅಂತ ಆಗ್ತದೆ. ವೇಷ ಬಿಚ್ಚುವ ಹಾಗಿಲ್ಲ ಮಾರಾಯ್ರೆ, ಅದೊಂದು ಶಿಕ್ಷೆ! ಆದ್ರೆ ಭಾಗವತರು ಪದ್ಯ ಎತ್ತಿ, ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಆ ಎದೆಬಡಿತ ಇಡೀ ಕಾಲಿಗೆ ಇಳೀತದೆ. ಕುಣಿಯೋದು ಅದೇ. ಒಂದು ದಿನ ಹಾಗೆ ಆಗ್ಲೇ ಇಲ್ಲ, ಬಹಳ ಆರಾಮ ಇತ್ತು. ಅವತ್ತು ಅರ್ಥ ಹೇಳುವಾಗ ಮಾತೇ ಮರೆತೆ.

ನನಗೆ ನಿಜವಾದ ಕಷ್ಟ ಬರೋದು ಮೇ ಕೊನೆಗೆ ಪತ್ತನಾಜೆಯಂದು ತಿರುಗಾಟ ಮುಗಿದ ಮೇಲೆ. ಗೆಜ್ಜೆ ಬಿಚ್ಚಿ ಮನೆಯಲ್ಲಿ ಕೂತರೆ ಐದಾರು ತಿಂಗಳು ಮೇಳದ ಸಂಬಳ ಇಲ್ಲ. ನಿದ್ದೆಗೆ ರಾತ್ರಿ ಉಂಟು, ಆದ್ರೆ ನಿದ್ದೆ ಇಲ್ಲ. ತಿರುಗಾಟದಲ್ಲಿ ರಾತ್ರಿಯಿಡೀ ಕುಣಿದು ಹಗಲು ಯಾರದ್ದೋ ಚಾವಡಿಯಲ್ಲಿ ಗೊರಕೆ ಹೊಡೀತಿದ್ದ ಮನುಷ್ಯ ನಾನು. ಅಕ್ಕ, ನಿಮ್ಮ ಮಾರ್ಚ್-ಜುಲೈ ನನಗೆ ಚೆನ್ನಾಗಿ ಅರ್ಥ ಆಯ್ತು.

ತಾಲ್ಲೂಕು_ಸ್ಟೆತ್ · 9:30

ವೈದ್ಯ ನಾನು, ಇವತ್ತು ಡ್ಯೂಟಿ ಇಲ್ಲ. ಮೊದಲು ಬಿಪಿ ವಿಷಯ ಮುಗಿಸೋಣ. ಒಂದೇ ಸಲ ನೋಡಿದ್ದನ್ನ ಹಿಡ್ಕೊಂಡು ಬಿಪಿ ಇದೆ ಅಂತ ಮುದ್ರೆ ಒತ್ತಬಾರದು, ಇಲ್ಲ ಅಂತ ಸುಮ್ಮನಾಗಲೂಬಾರದು. ಮನೆಯಲ್ಲಿ ತೋಳಿಗೆ ಕಟ್ಟೋ ಮಷೀನ್ ಇಟ್ಕೊಂಡು ಒಂದು ವಾರ ಬೆಳಗ್ಗೆ-ಸಂಜೆ ಎರಡೆರಡು ಸಲ ನೋಡಿ. ಅದಕ್ಕೂ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ, ಪಾದ ನೆಲಕ್ಕೆ ಊರಿರಲಿ, ತೋಳು ಎದೆ ಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತಾಡಬೇಡಿ. ಮನೆಯಲ್ಲಿ ಸರಾಸರಿ 135/85 ದಾಟಿದ್ರೆ ಆ ಪಟ್ಟಿ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ.

ಇನ್ನು ಎರಡು ಜಾತಿ ಅಂತ ಜಗಳ ಆಡ್ತಿದ್ದೀರಲ್ಲ, ದೇಹಕ್ಕೆ ಜಾತಿ ಗೊತ್ತಿಲ್ಲ. ಯಕ್ಷಗಾನದವರ ಎದೆ ಬಡಿಯೋದೂ, ಸಾಲ ಕೊಟ್ಟವನು ಬಾಗಿಲು ತಟ್ಟಿದಾಗ ಎದೆ ಬಡಿಯೋದೂ ಶುರುವಿಗೆ ಹೆಚ್ಚುಕಮ್ಮಿ ಒಂದೇ. ಒತ್ತಡದ ಹಾರ್ಮೋನುಗಳಲ್ಲಿ ಅಡ್ರಿನಲಿನ್ ಸೆಕೆಂಡುಗಳಲ್ಲಿ ಬರುತ್ತೆ, ಕಾರ್ಟಿಸಾಲ್ ನಿಮಿಷಗಳ ಲೆಕ್ಕದಲ್ಲಿ ಹಿಂದೆ ಬರುತ್ತೆ. ರಕ್ತಕ್ಕೆ ಸಕ್ಕರೆ ಸುರಿಯುತ್ತೆ, ಜೀರ್ಣ ನಿಧಾನ ಆಗುತ್ತೆ, ಅದಕ್ಕೇ ಬಾಯಿ ಒಣಗೋದು. ಕೆಲಸ ಮುಗಿದ ಮೇಲೆ ಕಾರ್ಟಿಸಾಲೇ ಮಿದುಳಿಗೆ “ಸಾಕು, ನಿಲ್ಲಿಸು” ಅನ್ನುತ್ತೆ. ಇಳಿಯೋದು ಹಾಗೆ. ತೊಂದರೆ ಇರೋದು ಏರೋದರಲ್ಲಿ ಅಲ್ಲ, ಇಳಿಯದೇ ಇರೋದರಲ್ಲಿ. ಮಾರ್ಚ್ 31ಕ್ಕೆ ಲೆಕ್ಕ ತಾಳೆ ಆಯ್ತು, ಚಪ್ಪಾಳೆ ಹೊಡೆದ್ರಿ, ಇಳೀತು. ಈಗ ತಾಳೆ ಆಗದ್ದು ಏನೋ ಇದೆ.

ಕೂದಲ ವಿಷಯದಲ್ಲಿ ಒಂದು ಸುಳಿವು ಇದೆ. ದೊಡ್ಡ ಏಟು ಬಿದ್ದ ತಕ್ಷಣ ಕೂದಲು ಉದುರಲ್ಲ, ಸಾಮಾನ್ಯವಾಗಿ ಎರಡು-ಮೂರು ತಿಂಗಳು ತಡ ಆಗಿ ಉದುರುತ್ತೆ. ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಅದೂ ಕಾರಣ ಇರಬಹುದು.

ಮನಶ್ಶಾಂತಿ_ಶಿಬಿರ · 9:41

[ಈ ಪ್ರತಿಕ್ರಿಯೆಯನ್ನು ತೆಗೆದುಹಾಕಲಾಗಿದೆ]

ನಿರ್ವಾಹಕ · 9:43

ಶಿಬಿರದ ಶುಲ್ಕ, ಫೋನ್ ನಂಬರು ಇಲ್ಲಿ ಹಾಕಬೇಡಿ. ಮೂರನೇ ಸಲ ಹೇಳ್ತಿರೋದು.

ಹುಬ್ಬಳ್ಳಿ_ಗಿರ್ಮಿಟ್ · 9:44

ಮನಶ್ಶಾಂತಿಯವರಿಂದ ನಿರ್ವಾಹಕರ ಮನಶ್ಶಾಂತಿ ಹ್ವಾದಂಗ ಕಾಣಸ್ತದ.

ತೋಟದ_ದಾರಿ · 10:20

ಡಾಕ್ಟ್ರು ಹೇಳಿದ “ಇಳಿಯದೇ ಇರೋದು” ನಮಗೆ ಈ ತಿಂಗಳು ದಿನಾ ಕಾಣ್ತಿದೆ. ಅಡಿಕೆ ತೋಟ ಇದೆ ನಮ್ದು. ಕಾಯಿ ಕೊಳೆತು ಉದುರೋ ಕೊಳೆರೋಗಕ್ಕೆ ಮಳೆಗೆ ಮುಂಚೆ ಒಂದು ಸಲ ಔಷಧಿ ಹೊಡೆದಾಯ್ತು, ಈಗ ಎರಡನೇ ಸಲದ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆಬೇರೆ ಕರಗಿಸಿ ಕೂಡಿಸಿ, ಕತ್ತಿ ಅದ್ದಿ ನೋಡೋದು. ಕತ್ತಿ ಮೇಲೆ ತಾಮ್ರದ ಕೆಂಪು ಕೂತ್ರೆ ಸುಣ್ಣ ಸಾಲದು ಅಂತ ಲೆಕ್ಕ.

ಔಷಧಿ ಹೊಡೆಯೋ ದಿನ ಮೈಯೆಲ್ಲಾ ನೀಲಿ, ಕುತ್ತಿಗೆ ಹಿಡ್ಕೊಳ್ಳುತ್ತೆ, ಮರ ಹತ್ತೋ ಕೊನೆಗೌಡ ಕೈ ಕೊಟ್ರೆ ನಾವೇ ದೋಟಿ ಹಿಡೀಬೇಕು. ಆದ್ರೂ ರಾತ್ರಿ ಗೊರಕೆ. ಸಾಯಿಸೋದು ಹೊಡೆಯೋಕೆ ಆಗದ ದಿನ. ಎಂಟು ದಿನ ಬಿಡದೆ ಹೊಯ್ತಿದೆ, ಮೈಲುತುತ್ತ ತಂದಿಟ್ಟಿದೆ, ಆಳು ಹೇಳಿದೆ, ಜಗಲಿ ಮೇಲೆ ಕೂತು ಮೋಡ ನೋಡೋದೊಂದೇ ಕೆಲಸ. ತೋಟದಲ್ಲಿ ಟಪ್ ಅಂತ ಒಂದು ಕಾಯಿ ಬಿದ್ರೆ ಕೊಳೆ ಬಂತೇನೋ ಅಂತ ಎದೆ ಧಸಕ್ ಅನ್ನುತ್ತೆ. ಕೈಗೆ ಕೆಲಸ ಕೊಡದ ಚಿಂತೆ ಇದೆಯಲ್ಲ, ಅದೇ ಕೆಟ್ಟದ್ದು.

ಪುರಾವೆ_ಎಲ್ಲಿ · 10:45

ತೋಟದವರ ಕೊನೇ ಮಾತಿಗೆ ನನ್ನ ಹತ್ರ ಪುರಾವೆಯೇ ಇದೆ, ಅಪರೂಪಕ್ಕೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯ್ತು, 17,000ಕ್ಕೂ ಹೆಚ್ಚು ಗಂಡಸರು. ಹೃದಯದ ಕಾಯಿಲೆ ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗೆ ಬರೋದು ಅಂತ ಜನ ಅಂದ್ಕೊಂಡಿದ್ರು. ಉಲ್ಟಾ ಆಯ್ತು. ಮೆಟ್ಟಿಲು ಇಳಿದಷ್ಟೂ ಸಾವು ಜಾಸ್ತಿ, ಜವಾನರ ದರ್ಜೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದ್ರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1985ರಲ್ಲಿ ಮೈಕಲ್ ಮಾರ್ಮಟ್ ತಂಡ ಎರಡನೇ ಅಧ್ಯಯನ ಶುರು ಮಾಡ್ತು, ಹೆಂಗಸರನ್ನೂ ಸೇರಿಸಿ. ಅದರಲ್ಲಿ ಎದ್ದು ಕಂಡ ಒಂದು ಕಾರಣ: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರೋದು.

ಓಆರ್‌ಆರ್_ಕೈದಿ · 10:58

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಐವತ್ತು ನಿಮಿಷ ನಿಂತಾಗ ಆಗೋದು ಇದೇ. ಸ್ಟೇರಿಂಗ್ ಕೈಯಲ್ಲಿದೆ, ಹಿಡಿತ ಮಾತ್ರ ಇಲ್ಲ.

ಪಿಸಿಎಂಬಿ_ಪಾಪ · 11:15

ನಂಗೂ ಒಂದು ಡೌಟ್. ಈ ವರ್ಷ ಸೆಕೆಂಡ್ ಪಿಯು ಮುಗಿಸಿದೆ. ಫಿಸಿಕ್ಸ್ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಹತ್ತು ನಿಮಿಷ ಒಂದಕ್ಷರ ಕಾಣಲಿಲ್ಲ. ಪರೀಕ್ಷೆ 2ರಲ್ಲಿ ಅದೇ ಸಬ್ಜೆಕ್ಟು ಆರಾಮಾಗಿ ಬರೆದೆ, 19 ಮಾರ್ಕ್ಸ್ ಜಾಸ್ತಿ ಬಂತು. ಓದಿದ್ದು ಜಾಸ್ತಿ ಏನಿಲ್ಲ. ಅಪ್ಪ ಮಾತ್ರ “ಮತ್ತೆ ಮತ್ತೆ ಪರೀಕ್ಷೆ ಕೊಟ್ಟು ಮಕ್ಕಳನ್ನ ಮೆತ್ತಗೆ ಮಾಡ್ಬಿಟ್ರು, ಸ್ವಲ್ಪ ಭಯ ಇರ್ಬೇಕು” ಅಂತಾರೆ.

ಸೀಮೆಸುಣ್ಣ · 11:32

ಮಗು, ನಿಮ್ಮಪ್ಪನ ವಯಸ್ಸಿನವರಿಗೆ ಪಾಠ ಹೇಳಿದವನು ನಾನು. ನನ್ನ ಕಾಲದಲ್ಲಿ ಭಯವನ್ನೇ ಪಾಠ ಅಂದ್ಕೊಂಡಿದ್ದೆವು. ಕೈಯಲ್ಲಿ ಕೋಲು ಇದ್ದರೆ ಮಗ್ಗಿ ಬಾಯಿಗೆ ಬರುತ್ತಿತ್ತು, ನಿಜ. ಆದರೆ ಪ್ರಬಂಧ ಬರೆ ಅಂದಾಗ ಅದೇ ಹುಡುಗ ಕಲ್ಲಾಗಿ ಕೂರುತ್ತಿದ್ದ. ಮೇಲೆ ಪುರಾವೆಯವರು ಹೇಳಿದ ಇಲಿ ಕಥೆ ಓದಿದಾಗಿನಿಂದ ಅದೇ ನೆನಪಾಗ್ತಿದೆ. 2024ರಲ್ಲಿ ಮೂರು ಪರೀಕ್ಷೆ ಬಂದಾಗ ನಾನೂ ಮೂಗು ಮುರಿದಿದ್ದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ದೊಣ್ಣೆ ಬೀಸಿ ಹೋದರೆ ಪರವಾಗಿಲ್ಲ. ತಲೆ ಮೇಲೆ ವರ್ಷವಿಡೀ ತೂಗಾಡಬಾರದು.

ಬಿಸಿಬೇಳೆ_ಅತ್ತಿಗೆ · 12:05

ಎಲ್ಲರೂ ಲಂಡನ್, ಮಾಂಟ್ರಿಯಲ್ ಸುತ್ತಿ ಬಂದ್ರಿ, ಪ್ರಶ್ನೆ ಕೇಳಿದ ತಂಗಿನ ಯಾರೂ ಮಾತಾಡಿಸಲಿಲ್ಲ. ತುಂಗೆ ದಂಡೆಯವರೇ, ಡಾಕ್ಟ್ರು ಕೂದಲಿನ ಸುಳಿವು ಕೊಟ್ರಲ್ಲ, ಅದನ್ನ ಹಿಡಿದು ಕೇಳ್ತೀನಿ. ಏಪ್ರಿಲ್‌ನಲ್ಲಿ ಏನಾಯ್ತು? ಹೇಳೋಕೆ ಇಷ್ಟ ಇಲ್ಲದಿದ್ರೆ ಬೇಡ.

ತುಂಗೆ_ದಂಡೆ · ರಾತ್ರಿ 10:50

ಮಧ್ಯಾಹ್ನದಿಂದ ಮೂರು ಸಲ ಟೈಪ್ ಮಾಡಿ ಅಳಿಸಿದೆ.

ನನ್ನ ತಮ್ಮ ಲಗೇಜ್ ಆಟೋ ತಗೊಳ್ಳೋಕೆ ನಮ್ಮ ಸಂಘದಲ್ಲೇ ಮೂರು ಲಕ್ಷ ಸಾಲ ಮಾಡಿದ್ದ. ಜಾಮೀನು ನಾನು ಹಾಕಿದೆ. ಮನೆಯವರಿಗೆ ಹೇಳಲಿಲ್ಲ, ಹೇಳಿದ್ರೆ ಬೇಡ ಅಂತಿದ್ರು. 21 ಕಂತು ಒಂದು ದಿನವೂ ತಪ್ಪದೆ ಕಟ್ಟಿದ. ಏಪ್ರಿಲ್‌ನಿಂದ ನಿಂತಿದೆ. ಕಂತು 10,200. ಫೋನ್ ಮಾಡಿದ್ರೆ “ಅಕ್ಕ, ಈ ವಾರ” ಅಂತಾನೆ.

ಆಫೀಸಿಗೆ ಹೋದ ತಕ್ಷಣ ಕಂಪ್ಯೂಟರ್ ಆನ್ ಮಾಡಿ ಮೊದಲು ತೆಗೆಯೋದು ಅವನ ಖಾತೆ. ಬ್ಯಾಗ್ ಕೂಡ ಕೆಳಗಿಟ್ಟಿರಲ್ಲ. ಜಮಾ ಕಾಲಂ ಖಾಲಿ. ಸುಸ್ತಿ ಪಟ್ಟಿ, ಅಂದ್ರೆ ಕಂತು ಬಾಕಿ ಇಟ್ಟವರ ಪಟ್ಟಿ, ತಯಾರು ಮಾಡೋದು ನಾನೇ. ಮುಂದಿನ ತಿಂಗಳು ಜಾಮೀನುದಾರರಿಗೂ ನೋಟಿಸ್ ಹೋಗುತ್ತೆ. ಅದನ್ನ ಟೈಪ್ ಮಾಡೋಳೂ ನಾನೇ, ಬರೋದೂ ನನ್ನ ಹೆಸರಿಗೇ.

ಹುಬ್ಬಳ್ಳಿ_ಗಿರ್ಮಿಟ್ · 10:58

ಅಕ್ಕಾರ, ತಪ್ಪಾತು. ಮೊದಲ ಕಾಮೆಂಟ್ ಹಂಗ ಹಾಕಬಾರದಿತ್ತು.

ತುಂಗೆ_ದಂಡೆ · 11:02

ಅಯ್ಯೋ ಇಲ್ಲ ಅಣ್ಣ, ಎರಡು ತಿಂಗಳಾದ್ಮೇಲೆ ನಕ್ಕಿದ್ದು ಅದನ್ನ ಓದಿಯೇ. ಅವನು ಸುಸ್ತಿದಾರ, ನಾನು ಸುಸ್ತು.

ಓಆರ್‌ಆರ್_ಕೈದಿ · 11:10

ಮೇಡಂ, ಎದೆ ಢವಢವ ಅಂದಾಗ “ಇದು ಭಯ ಅಲ್ಲ, ಹುರುಪು” ಅಂತ ಹೇಳ್ಕೊಂಡ್ರೆ ನಿಜವಾಗ್ಲೂ ಸಹಾಯ ಆಗುತ್ತಂತೆ. 2014ರ ಒಂದು ಅಮೆರಿಕದ ಅಧ್ಯಯನ, ಜನರಿಂದ ಕರಾವೋಕೆ ಹಾಡಿಸಿದ್ರು. ಹಾಗೆ ಹೇಳ್ಕೊಂಡವರು ಉಳಿದವರಿಗಿಂತ ಚೆನ್ನಾಗಿ ಹಾಡಿದ್ರು.

ಪುರಾವೆ_ಎಲ್ಲಿ · 11:14

ಅಧ್ಯಯನ ಸರಿ ಇದೆ, ಜಾಗ ತಪ್ಪು. ಹಾಡು ಮೂರು ನಿಮಿಷಕ್ಕೆ ಮುಗಿಯುತ್ತೆ. ಜಾಮೀನು ಪತ್ರದ ಮುಂದೆ ನಿಂತು “ನನಗೆ ಹುರುಪು” ಅಂದ್ರೆ ಕಂತು ಜಮಾ ಆಗುತ್ತಾ?

ಚೌಕಿಯ_ಮೂಲೆ · 11:20

ರಂಗಸ್ಥಳಕ್ಕೆ ಆ ಮದ್ದು ಆಗ್ತದೆ, ನಮ್ಮ ಗುರುಗಳೂ ಅದನ್ನೇ ಹೇಳಿಕೊಟ್ಟದ್ದು. ಮಳೆಗಾಲದ ರೇಷನ್ನಿಗೆ ಆಗೋದಿಲ್ಲ.

ಅಶ್ವತ್ಥಕಟ್ಟೆ · 11:26

ಅಶ್ವಗಂಧ ಚೂರ್ಣ ರಾತ್ರಿ ಹಾಲಿಗೆ ಹಾಕಿ ಕುಡೀರಿ ಮೇಡಂ, ಹದಿನೈದು ದಿನದಲ್ಲಿ ಗುಣ. ಟೆನ್ಷನ್ನಿಂದ ಹೊಟ್ಟೇಲಿ ಅಲ್ಸರ್ ಆಗೋ ಮುಂಚೆ ಎಚ್ಚೆತ್ತುಕೊಳ್ಳಿ. ನಮ್ಮ ಭಾವನಿಗೆ ಹಾಗೇ ಆಗಿದ್ದು.

ತಾಲ್ಲೂಕು_ಸ್ಟೆತ್ · 11:45

ಕಟ್ಟೆಯವರೇ, ಎರಡಕ್ಕೂ ತಡೆ. ಅಲ್ಸರ್ ಬಹುಪಾಲು ಬರೋದು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದಿಂದ, ಇಲ್ಲವಾದ್ರೆ ಮಿತಿಮೀರಿ ನೋವಿನ ಮಾತ್ರೆ ನುಂಗೋದರಿಂದ. ಯಾರೂ ನಂಬಲಿಲ್ಲ ಅಂತ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾನ ತಾವೇ ಕುಡಿದು ಹೊಟ್ಟೆ ಉರಿ ತರಿಸ್ಕೊಂಡ್ರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ನಿಮ್ಮ ಭಾವನಿಗೆ ಬೇಕಿದ್ದದ್ದು ಬಹುಶಃ ಆಂಟಿಬಯಾಟಿಕ್.

ಅಶ್ವಗಂಧದಿಂದ ಪಿತ್ತಜನಕಾಂಗಕ್ಕೆ ತೊಂದರೆ ಆದ ಪ್ರಕರಣಗಳು ವರದಿಯಾಗಿವೆ, ಥೈರಾಯ್ಡ್ ಮಾತ್ರೆಯ ಲೆಕ್ಕವನ್ನೂ ಅದು ತಪ್ಪಿಸಬಹುದು. ಥೈರಾಯ್ಡ್ ಇನ್ನೂ ನೋಡಿಸದ ಹೆಣ್ಣುಮಗಳಿಗೆ “ಕುಡೀರಿ” ಅಂತ ಬರೆಯಬೇಡಿ.

ಅಶ್ವತ್ಥಕಟ್ಟೆ · 11:48

ಸಾವಿರಾರು ವರ್ಷದ ಔಷಧಿ ಸ್ವಾಮಿ ಅದು.

ತಾಲ್ಲೂಕು_ಸ್ಟೆತ್ · 11:50

ಅದಕ್ಕೇ ವೈದ್ಯರನ್ನ ಕೇಳಿ ತಗೊಳ್ಳೋ ಪದ್ಧತಿಯೂ ಸಾವಿರಾರು ವರ್ಷದ್ದು.

ಬಿಸಿಬೇಳೆ_ಅತ್ತಿಗೆ · ಸೋಮವಾರ ಬೆಳಗ್ಗೆ 7:05

ತಂಗಿ, ಉಸಿರಾಟ-ಯೋಗ ಎಲ್ಲ ಆಮೇಲೆ. ಮೊದಲು ಒಂದು ಹಾಳೆ ತಗೊಂಡು ಬರೀರಿ. ಒಟ್ಟು ಎಷ್ಟು ಕಂತು ಬಾಕಿ? ಎಲ್ಲಾ ಕೆಟ್ಟರೆ, ತಮ್ಮ ಒಂದು ಪೈಸೆ ಕಟ್ಟದಿದ್ರೆ, ನಿಮ್ಮ ತಲೆ ಮೇಲೆ ಬರೋದು ಎಷ್ಟು?

ನನ್ನ ಯಜಮಾನ್ರು ತೀರಿಕೊಂಡ ವರ್ಷ ನಾನೂ ಮೂರು ಗಂಟೆಗೆ ಎದ್ದು ಕೂರ್ತಿದ್ದೆ. ಕತ್ತಲಲ್ಲಿ ಸಾಲ ಬೆಳೀತಾ ಹೋಗುತ್ತೆ ಕಣ್ರೀ. ನನ್ನ ಲೆಕ್ಕದಲ್ಲಿ ಮನೆಯೇ ಹರಾಜಾಗಿತ್ತು. ಒಂದು ದಿನ ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಕೂಡಿದೆ, 86,000 ಇತ್ತು. ದೊಡ್ಡ ಮೊತ್ತವೇ. ಆದ್ರೆ ಮನೆ ಅಲ್ಲ.

ತುಂಗೆ_ದಂಡೆ · 7:30

36 ಕಂತು, 21 ಕಟ್ಟಿದೆ. ಉಳಿದ 15 ಕಂತಿಗೆ 1,53,000. ದಂಡಬಡ್ಡಿ ಬೇರೆ. ದಿನಾ ಊರವರ ಲೆಕ್ಕ ಮಾಡ್ತೀನಿ, ಇದನ್ನ ಇವತ್ತೇ ಮೊದಲು ಕೂಡಿದ್ದು.

ಹುಬ್ಬಳ್ಳಿ_ಗಿರ್ಮಿಟ್ · 7:41

ನೋಡ್ರಿ ಅಕ್ಕಾರ, ನಾನೂ ಒಮ್ಮೆ ದೋಸ್ತಗ ಜಾಮೀನ ಆಗಿ ಕೈ ಸುಟಗೊಂಡೇನಿ. ಕಾಯದೆ ಪ್ರಕಾರ ಜಾಮೀನದಾರಂದೂ ಸಾಲಗಾರನಷ್ಟ ಹೊಣಿ, 1872ರ ಕರಾರು ಕಾಯದೆ 128ನೇ ಕಲಂ. ಅದು ನಿಮಗ ಗೊತ್ತ ಐತಿ. ನಾ ಹೇಳೂದು ಬ್ಯಾರೆ. ನನಗ ಸಾಲಕ್ಕಿಂತ ಜಾಸ್ತಿ ತಿಂದದ್ದು ಮನ್ಯಾಗ ಮುಚ್ಚಿಟ್ಟದ್ದು. ಪೋಸ್ಟಮನ್ ಸೈಕಲ್ ಗಂಟಿ ಕೇಳಿದ್ರ ನಾನ ಓಡಿ ಹೋಗಿ ಬಾಗಲಾ ತಗೀತಿದ್ದೆ, ಎಲ್ಲಿ ಹೆಂಡತಿ ಕೈಗೆ ನೋಟಿಸ್ ಸಿಗ್ತದೋ ಅಂತ. ಎಂಟು ತಿಂಗಳು! ಹೇಳಿದ ದಿನ ಆಕಿ ಬೈದದ್ದು ಹದಿನೈದು ನಿಮಿಷ.

ಸೀಮೆಸುಣ್ಣ · 7:58

ಗಿರ್ಮಿಟ್ಟಿನೊಳಗೆ ಇಷ್ಟು ಹೂರಣ ಇದೆ ಅಂತ ಗೊತ್ತಿರಲಿಲ್ಲ.

ಹುಬ್ಬಳ್ಳಿ_ಗಿರ್ಮಿಟ್ · 8:00

ಮೇಷ್ಟ್ರ, ಗಿರ್ಮಿಟ್ಟಿನ್ಯಾಗ ಹೂರಣ ಇರೂದಿಲ್ರಿ. ಚುರುಮುರಿ, ಉಳ್ಳಾಗಡ್ಡಿ, ಹುಣಸಿ ರಸ.

ಮಾಂಟ್ರಿಯಲ್_ಮುದ್ದೆ · 8:03

ಇಲ್ಲಿ ರಾತ್ರಿ ಹತ್ತೂವರೆ, ಹೊರಗೆ ಒಂದು ಅಂಗಡಿ ಇಲ್ಲ, ಗಿರ್ಮಿಟ್ ವಿಷಯ ತೆಗೀತಾರೆ. ಇದು ಯಾವ ಜಾತಿ ಒತ್ತಡ?

ತಾಲ್ಲೂಕು_ಸ್ಟೆತ್ · 8:20

ಅತ್ತಿಗೆಯವರ ಹಾಳೆಗೆ ನನ್ನ ಕಡೆಯಿಂದ ಎರಡು ಸೇರ್ಪಡೆ. ಒಂದು: ಬೆಳಗ್ಗೆ ಹೋದ ತಕ್ಷಣ ತಮ್ಮನ ಖಾತೆ ತೆಗೆಯೋದು ನಿಲ್ಲಿಸಿ. ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತು ಮಾಡ್ಕೊಳ್ಳಿ. ಎದ್ದ ಮೊದಲ ಗಂಟೆಯಲ್ಲಿ ಕಾರ್ಟಿಸಾಲ್ ತಾನಾಗೇ ಏರುತ್ತೆ, ಅದು ಸಹಜ. ಅದು ಇಳಿಯೋ ಹೊತ್ತಿಗೆ ಸರಿಯಾಗಿ ಆ ಖಾಲಿ ಕಾಲಂ ನೋಡಿ ನೀವೇ ಮತ್ತೆ ಏರಿಸ್ತಿದ್ದೀರಿ. ಎರಡು: ಮೂರು ಗಂಟೆಗೆ ಎಚ್ಚರ ಆದ್ರೆ ಉಸಿರು ಎಳ್ಕೊಂಡಿದ್ದಕ್ಕಿಂತ ಬಿಡೋದನ್ನ ಉದ್ದ ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನ ಆಗುತ್ತೆ, ನಾಡಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ಸಾಲ ತೀರಲ್ಲ, ಬೆಳಗಿನ ತನಕ ದಾರಿ ಸಾಗುತ್ತೆ.

ತೀರಾ ತಡ್ಕೊಳ್ಳೋಕೆ ಆಗ್ತಿಲ್ಲ, ಬದುಕೇ ಬೇಡ ಅನ್ನಿಸೋ ಹಂತ ಬಂದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಿಮಗೆ ಅಂತಲೇ ಹೇಳ್ತಿಲ್ಲ, ಓದೋ ಎಲ್ಲರಿಗೂ.

ಪಿಸಿಎಂಬಿ_ಪಾಪ · 8:32

ನಾಡಿ ಹಿಡಿದು ನೋಡಿದೆ. ನಿಜ! ಬಿಡುವಾಗ ನಿಧಾನ ಆಗುತ್ತೆ.

ತುಂಗೆ_ದಂಡೆ · ಮುಂದಿನ ವಾರ, ಬುಧವಾರ ರಾತ್ರಿ 9:15

ಏನಾಯ್ತು ಅಂತ ಅತ್ತಿಗೆಯವರು ಮೆಸೇಜ್ ಮಾಡಿ ಕೇಳಿದ್ರು, ಇಲ್ಲೇ ಬರೀತೀನಿ.

ಭಾನುವಾರ ಮನೆಯವರಿಗೆ ಹೇಳಿದೆ. ಹಾಳೆ ಮುಂದಿಟ್ಟೆ. ಅವರು ಬೈಯಲಿಲ್ಲ, ಅದೇ ಕಷ್ಟ ಆಯ್ತು. ಮಳೇಲಿ ಹೊರಗೆ ಹೋಗಿ ಬೈಕ್ ತೊಳೆದ್ರು. ಜಡಿಮಳೆಯಲ್ಲಿ ಬೈಕ್ ತೊಳೆಯೋ ಗಂಡಸನ್ನ ನೋಡಿದ್ದೀರಾ? ಎರಡು ದಿನ ಮಾತಿಲ್ಲ. ಮೂರನೇ ದಿನ ತಾವೇ ತಮ್ಮನ ಮನೆಗೆ ಹೋಗಿ ಬಂದ್ರು. ಆಟೋ ಗೇರ್‌ಬಾಕ್ಸ್ ಹೋಗಿ ಮಾರ್ಚ್ ಕೊನೆಯಿಂದ ಗ್ಯಾರೇಜ್‌ನಲ್ಲಿ ನಿಂತಿದೆಯಂತೆ. ಬಿಡಿಸ್ಕೊಳ್ಳೋಕೆ ದುಡ್ಡಿಲ್ಲ, ನನಗೆ ಹೇಳೋಕೆ ಮುಖ ಇಲ್ಲ. ಅವನೂ ಮೂರು ಗಂಟೆಗೆ ಎದ್ದು ಕೂರ್ತಿದ್ದನಂತೆ.

ಒಂದು ಕಂತು ಜಮಾ ಆಗಿದೆ. ಎರಡು ಇನ್ನೂ ಸುಸ್ತಿ. ನೋಟಿಸ್ ಬರೋದು ಬರುತ್ತೆ, ನಾನೇ ಟೈಪ್ ಮಾಡ್ತೀನಿ. ಖಾತೆ ನೋಡೋದು ಶುಕ್ರವಾರ ಮಾತ್ರ ಅಂತ ಮಾಡ್ಕೊಂಡಿದ್ದೆ, ಮಂಗಳವಾರ ಒಂದು ಸಲ ಕಳ್ಳತನದಲ್ಲಿ ನೋಡಿದೆ, ಸುಳ್ಳು ಹೇಳಲ್ಲ. ಬಿಪಿ ಮನೆ ಮಷೀನಿನಲ್ಲಿ ಏಳು ದಿನದ ಸರಾಸರಿ 138/88. ಪಟ್ಟಿ ಬರೆದಿದ್ದೀನಿ, ಡಾಕ್ಟರಿಗೆ ತೋರಿಸ್ತೀನಿ. ಥೈರಾಯ್ಡ್ ರಕ್ತ ಕೊಟ್ಟು ಬಂದೆ.

ತಾಲ್ಲೂಕು_ಸ್ಟೆತ್ · 9:22

ತೋರಿಸಿ. 138/88 ಅಂದ್ರೆ ಇನ್ನೂ 135/85ರ ಗೆರೆಗಿಂತ ಮೇಲೇ ಇದೆ. ಹಲ್ಲು ಕಡಿಯೋದು?

ತುಂಗೆ_ದಂಡೆ · 9:26

ಮಗಳು ಕಿವಿಗೆ ಹತ್ತಿ ಇಟ್ಕೊಂಡು ಮಲಗೋಕೆ ಶುರು ಮಾಡಿದ್ದಾಳೆ, ಅದಕ್ಕೆ ಗೊತ್ತಿಲ್ಲ.

ತೋಟದ_ದಾರಿ · 9:30

ನಮ್ಮಲ್ಲೂ ಮೂರು ದಿನ ಬಿಸಿಲು ಬಿತ್ತು. ಔಷಧಿ ಹೊಡೆದಾಯ್ತು. ಮೈಕೈ ನೋವು, ನಿದ್ದೆ ಜೋರು.

ಚೌಕಿಯ_ಮೂಲೆ · 9:33

ನನಗೆ ಬೆಂಗಳೂರಲ್ಲಿ ಒಂದು ಮಳೆಗಾಲದ ಆಟ ಸಿಕ್ಕಿತು. ಈಗಲೇ ಕೈ ತಣ್ಣಗಾಗ್ಲಿಕ್ಕೆ ಶುರು ಆಗಿದೆ.

ಹುಬ್ಬಳ್ಳಿ_ಗಿರ್ಮಿಟ್ · 9:35

ಕಿರೀಟ ಕಟ್ಟೂ ಮೊದಲ ಹೋಗಿ ಬರ್ರಿ.

ತುಂಗೆ_ದಂಡೆ · 9:41

ಸೋಮವಾರದಿಂದ ನಮ್ಮಲ್ಲಿ ಆಡಿಟ್. ಐದು ದಿನ, ರಾತ್ರಿ ಎಂಟೋ ಒಂಬತ್ತೋ. ವೋಚರ್ ಎಲ್ಲ ತಾರೀಖಿನ ಪ್ರಕಾರ ಜೋಡಿಸ್ಬೇಕು, ಮೇ ತಿಂಗಳ ಒಂದು ಕಟ್ಟು ಸಿಗ್ತಿಲ್ಲ. ಚಿತ್ರಾನ್ನಕ್ಕೆ ಈಗಲೇ ಹೇಳಿಟ್ಟಿದ್ದೀನಿ. ಬರ್ತೀನಿ.